ನಂಬರ್ ಕೊಡುವವರು ಬಂದ ದಿನ

ಹಿಂದಿನ ದಿನವೇ ನನಗೆ ಗೊತ್ತಿತ್ತು. ಬೆಳಿಗ್ಗೆ ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ರಸ್ತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರನ್ನೆಲ್ಲ ಎಬ್ಬಿಸುವುದು ನಮ್ಮ ಕೆಲಸ ಎಂದು. ಅಲ್ಲಿ ಬಾಳೆಹಣ್ಣು ಮಾರುವ ನನ್ನ ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಫೋನ್ ಕೈಯಲ್ಲೇ ಇತ್ತು. ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಊಟ ಮಾಡಿ ಮಲಗಿದೆ. ನಿದ್ದೆಯೂ ಚೆನ್ನಾಗಿ ಬಂತು. ಆ ನಿದ್ದೆಯನ್ನು ನೆನೆದರೆ ಈಗ ದಿಗಿಲಾಗುತ್ತದೆ.

ನಾನು ಏಳನೇ ತರಗತಿಯವರೆಗೆ ಓದಿದವನು. ಕಲಬುರಗಿಯಲ್ಲಿ ಒಬ್ಬ ಗುತ್ತಿಗೆದಾರನ ಕೆಳಗೆ ರಸ್ತೆಯ ಕಸ ಎತ್ತುವ ಗುಂಪಿಗೆ ಮೇಸ್ತ್ರಿ. ಬ್ರಹ್ಮಪುರದಲ್ಲಿ ಬಾಡಿಗೆ ಕೋಣೆ. ಅವ್ವ ತೀರಿಕೊಂಡಾಗ ನಾನು ಚಿಕ್ಕವನಿದ್ದೆ. ಅಕ್ಕ ಲಗ್ನವಾಗಿ ಕಮಲಾಪುರಕ್ಕೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಗಂಡನ ಮನೆಗೆ ತಮ್ಮನನ್ನು ಕಟ್ಟಿಕೊಂಡು ಬಂದವಳು ಎಂಬ ಮಾತು ಅವಳಿಗೆ ಎಷ್ಟೋ ವರ್ಷ ತಪ್ಪಲಿಲ್ಲ. ಅವಳ ಗಂಡ, ನಮ್ಮ ಮಾವ, ಬೇರೆಯವರ ಬಾಳೆ ತೋಟದಲ್ಲಿ ಆಳು. ಆ ಸೀಮೆಯ ಕೆಂಪು ಬಾಳೆಹಣ್ಣಿಗೆ ದೂರದೂರದಲ್ಲಿ ಹೆಸರಿದೆ. ಅಕ್ಕ ತೋಟದವರಿಂದ ಹಣ್ಣು ಕೊಂಡು, ಬುಟ್ಟಿ ತುಂಬಿಕೊಂಡು ಬೆಳಗಿನ ಬಸ್ಸಿಗೆ ಕಲಬುರಗಿಗೆ ಬರುತ್ತಿದ್ದಳು. ಹೂವಿನವಳ ಪಕ್ಕದಲ್ಲಿ ಗೋಣಿತಟ್ಟು ಹಾಸಿ ಕೂರುತ್ತಿದ್ದಳು. ಗುಡಿಗೆ ಬರುವವರು, ಕಾಲೇಜಿನ ಮಕ್ಕಳು ಕೊಳ್ಳುತ್ತಿದ್ದರು.

ನಮ್ಮ ಗುಂಪಿನವರ ಮುಂದೆ ನಾನು ಒಂದು ಸುಳ್ಳು ಹೇಳಿಕೊಂಡಿದ್ದೆ: ಕಮಲಾಪುರದಲ್ಲಿ ನಮ್ಮದೇ ಬಾಳೆ ತೋಟ ಇದೆ ಅಂತ. ತೋಟದವರ ಮನೆಯ ಹೆಣ್ಣುಮಗಳು ಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆಂದರೆ ಯಾರು ನಂಬುತ್ತಾರೆ? ಅದಕ್ಕೇ ಒಂದು ದಿನ ಅಕ್ಕನಿಗೆ ಹೇಳಿದ್ದೆ.

"ಅಕ್ಕಾ, ನಾ ಕೆಲಸದಾಗ ಇದ್ದಾಗ ನನ್ನ ಕರೀಬ್ಯಾಡ."

"ಯಾಕಪ್ಪಾ, ಸಾಹೇಬ್ರು ಬೈತಾರೇನು?"

"ಹಾಂ, ಬೈತಾರ."

"ಹಂಗಾರ ಕರ್ಯಂಗಿಲ್ಲ ಬಿಡು," ಅಂದಳು. ಆಮೇಲೆ ನಾನು ರಸ್ತೆಯ ಆಚೆ ಬದಿಯಿಂದ ದಾಟುವಾಗ ಒಮ್ಮೆ ನೋಡಿ ಕಣ್ಣನ್ನು ಹಣ್ಣಿನ ಮೇಲೆ ಇಳಿಸುತ್ತಿದ್ದಳು.

ನಂಬರಿನ ವಿಷಯ ನಮಗೆ ಹೇಳಿದ್ದು ಗುತ್ತಿಗೆದಾರ. ಸೇಡಂ ರಸ್ತೆಯಲ್ಲಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಫೋನ್ ತೆಗೆದು ತೋರಿಸಿದ.

"ನೋಡ್ರಿ, ಸಾಲಿ ಹುಡುಗ್ರಿಗಿ ಮಾರ್ಕ್ಸ್ ಕೊಟ್ಟಂಗ ಜಗತ್ತಿನ ಊರಿಗೆಲ್ಲ ಮಾರ್ಕ್ಸ್ ಕೊಡ್ತಾರ. ಯಾವ ಊರಾಗ ಮನುಷ್ಯಾ ಸುಖದಿಂದ ಇರ್ತಾನ ಅಂತ. ದವಾಖಾನಿಗಿ ಇಷ್ಟು, ಸಾಲಿಗಿ ಇಷ್ಟು, ನೀರಿಗಿ, ಗಾಳಿಗಿ, ರಸ್ತಾಕ್ಕ ಇಷ್ಟು. ಎಲ್ಲಾ ಕೂಡಿಸಿ ನಂಬರ್ ಹಚ್ತಾರ. ವಿಯೆನ್ನಾ ಅಂತ ಒಂದು ಊರದ, ಅದು ಯಾವಾಗ್ಲೂ ಮ್ಯಾಲೇ ಇರ್ತದ."

"ಬಿಸಿಲಿಗಿ ಎಷ್ಟ್ ಮಾರ್ಕ್ಸ್ ರೀ?" ಎಂದು ನಮ್ಮ ಗುಂಪಿನ ಗಾಡಿ ತಳ್ಳುವವನು ಕೇಳಿದ. "ಬಿಸಿಲಿಗಿ ಇದ್ರ ನಾವೇ ಪೈಲೇ ನಂಬರ್ ನೋಡ್ರಿ. ಆ ಊರವರು ನಮ್ಮ ಮುಂದ ಫೇಲ್."

ಎಲ್ಲರೂ ನಕ್ಕರು. ಗುತ್ತಿಗೆದಾರ ನಗಲಿಲ್ಲ. ಅಂಥದ್ದೇ ನಂಬರ್ ನಮ್ಮ ಕಡೆಯ ಊರುಗಳಿಗೂ ಕೊಡುತ್ತಾರಂತೆ, ನೋಡಲು ನಾಳೆ ಮಂದಿ ಬರುತ್ತಾರಂತೆ. ಫುಟ್‌ಪಾತ್ ಮೇಲೆ ಒಬ್ಬರೂ ಕೂತಿರಬಾರದು ಎಂದ. ಅವನು ತೋರಿಸಿದ ಚಿತ್ರದಲ್ಲಿ ವಿಯೆನ್ನಾದ ಒಂದು ಬೀದಿ ಇತ್ತು. ತೊಳೆದು ಒರೆಸಿದ ಹಾಗೆ. ಒಂದು ನರಪಿಳ್ಳೆಯೂ ಇಲ್ಲ. ಅದನ್ನು ನೋಡಿ ನನಗೆ ನಿಜವಾಗಿಯೂ ಆಸೆಯಾಯಿತು. ನಾನು ಗುಡಿಸುವ ರಸ್ತೆಯೂ ಹೀಗಾಗಬೇಕು, ನಮ್ಮ ಊರಿಗೂ ಯಾರಾದರೂ ಒಳ್ಳೆಯ ನಂಬರ್ ಕೊಡಬೇಕು ಅನಿಸಿತು. ಅದೇ ಆಸೆ ಇಟ್ಟುಕೊಂಡು ಮನೆಗೆ ಬಂದೆ. ಅಕ್ಕನಿಗೆ ಫೋನ್ ಮಾಡದೆ ಮಲಗಿದ್ದು ಆಗಲೇ.

ಬೆಳಿಗ್ಗೆ ಸಾಲಿನ ಒಂದು ತುದಿಯಿಂದ ಎಬ್ಬಿಸುತ್ತ ಬಂದೆವು. ತೆಂಗಿನಕಾಯಿಯವನು ಬೈಯುತ್ತ ಎದ್ದ. ಹೂವಿನವಳು ತನ್ನ ಹೂವನ್ನು ಉಡಿಯಲ್ಲಿ ತುಂಬಿಕೊಂಡು ಓಡಿದಳು. ಅಕ್ಕ ಆಗಷ್ಟೇ ಬಸ್ಸಿಳಿದು ಬಂದು ತಟ್ಟು ಹಾಸಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದವನು ನಾನೊಬ್ಬನೇ ಇದ್ದೆ.

ನಾನು ಅವಳನ್ನು ದಾಟಿ ಮುಂದೆ ಹೋದೆ. ಉಳಿದವರು ಎಬ್ಬಿಸಲಿ ಎಂದು. ಹಿಂದೆ ಬೈಕಿನ ಮೇಲಿದ್ದ ಗುತ್ತಿಗೆದಾರ ಕೂಗಿದ.

"ಏ ಮೇಸ್ತ್ರಿ, ಈಕಿನ್ಯಾಕ ಬಿಟ್ಟಿ? ನಿಮ್ಮ ಬೀಗಿತ್ತಿ ಏನು?"

ಗುಂಪಿನವರು ಹೋ ಎಂದು ನಕ್ಕರು. ನಾನು ತಿರುಗಿ ಬಂದೆ. "ಏಳು, ಏಳು, ಜಲ್ದಿ," ಅಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಆಗ ನಾನು ಬುಟ್ಟಿಯನ್ನು ಕಾಲಿನಿಂದ ದೂಡಿದೆ.

ಜೋರಾಗಿ ದೂಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಎರಡು ಹಣ್ಣು ಉರುಳಿ ರಸ್ತೆಗೆ ಬಿದ್ದವು. ಅಕ್ಕ ಎದ್ದು ಹೋಗಿ ಅವನ್ನು ಎತ್ತಿದಳು. ಸೆರಗಿನಿಂದ ಒರೆಸಿ ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡಳು. ಅನ್ನಕ್ಕೆ ಕಾಲು ತಾಗಿದರೆ ತಾಗಿಸಿದವರು ಮಾಡಬೇಕಾದದ್ದು ಅದು. ನನಗೆ ಅದನ್ನು ಕಲಿಸಿದವಳೂ ಅವಳೇ.

"ಏಳ್ತೀನ್ರೀ ಸಾಹೇಬ್ರ," ಅಂದಳು. "ಸಿಟ್ಟಾಗಬ್ಯಾಡ್ರಿ. ಗೊತ್ತಿದ್ದಿಲ್ರೀ."

ನನ್ನನ್ನು ಬೈದಿದ್ದರೆ, ನನ್ನ ಹೆಸರು ಹಿಡಿದು ಕೂಗಿದ್ದರೆ, ಅಲ್ಲೇ ನನ್ನ ಸುಳ್ಳು ಬಯಲಾಗಿ ಹೋಗುತ್ತಿತ್ತು. ನಾನು ಅವಳನ್ನು ಮುಚ್ಚಿಡುತ್ತಿದ್ದೇನೆಂದು ತಿಳಿದೇ ಅವಳು ನನ್ನನ್ನು ಕಾಯ್ದಳು. ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಎತ್ತಿಕೊಳ್ಳಲು ಒಬ್ಬಳಿಗೇ ಆಗದೆ ಅತ್ತಿತ್ತ ನೋಡಿದಳು. ಗಾಡಿ ತಳ್ಳುವವನು ಹೋಗಿ ಕೈ ಕೊಟ್ಟ. ನಾನು ಕೊಡಲಿಲ್ಲ.

"ಕೇಳಿದಿಲ್ಲೋ? ಸಾಹೇಬ ಆದಿ ನೀ ಇವತ್ತ! ಚಾ ಕುಡಸಬೇಕ ನೋಡು," ಎಂದು ಅವನು ಬಂದು ನನ್ನ ಬೆನ್ನಿಗೆ ಗುದ್ದಿದ. ಚಹಾ ಕುಡಿಸಿದೆ.

ನೋಡಲು ಬಂದವರು ಕಾರಿನಿಂದ ಇಳಿದು ಫೋಟೊ ತೆಗೆದುಕೊಂಡು ಹೋದರು. ಎರಡು ದಿನಕ್ಕೆ ತೆಂಗಿನಕಾಯಿಯವನು ಬಂದ, ಹೂವಿನವಳು ಬಂದಳು. ಅಕ್ಕ ಬರಲಿಲ್ಲ. ಫೋನ್ ಮಾಡಿದರೆ ಮಾವ ಎತ್ತಿ, ಹೊರಗೆ ಹೋಗಿದ್ದಾಳೆ ಅನ್ನುತ್ತಿದ್ದ. ಒಂದು ದಿನ ಹೂವಿನವಳು ಕೇಳಿದಳು.

"ಆ ಬಾಳಿಹಣ್ಣಿನಕಿ ಯಾಕ ಬರವಲ್ಲಳ್ರೀ? ಏನರ ಗೊತ್ತದೇನು?"

"ನನಗೇನ್ ಗೊತ್ತಬೇ," ಅಂದೆ. ಅಷ್ಟು ಸಲೀಸಾಗಿ ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ನಾನೇ ಬೆಚ್ಚಿದೆ.

ಒಂದು ಮಧ್ಯಾಹ್ನ ಗಾಡಿ ತಳ್ಳುವವನು ನೆರಳಲ್ಲಿ ಕೂತು ಫೋನ್ ನೋಡುತ್ತಿದ್ದ. "ಬಾ ಇಲ್ಲಿ, ನಿನ್ನ ವಿಯೆನ್ನಾ ಬಂದಾದ," ಅಂದ. ಆ ಊರನ್ನು ತಿರುಗಿ ತೋರಿಸುವ ವಿಡಿಯೊ. ಊರ ನಡುವೆಯೇ ಉದ್ದಕ್ಕೆ ಸಂತೆಯ ಸಾಲು. ಮೊದಲು ಬೇರೆ ಊರು ಇರಬೇಕು ಅಂದುಕೊಂಡೆ. ದಪ್ಪ ಕೋಟು ಹಾಕಿದ ವಯಸ್ಸಾದ ಹೆಂಗಸೊಬ್ಬಳು ಸೇಬು, ದ್ರಾಕ್ಷಿ ಜೋಡಿಸಿಕೊಂಡು ಕೂತಿದ್ದಳು. ಕೊಳ್ಳುವವರ ಜೊತೆ ಏನೋ ಹೇಳಿ ನಗುತ್ತಿದ್ದಳು.

"ಇದು ಅದೇ ಊರೇನೋ?"

"ಮತ್ತ? ಪೈಲೇ ನಂಬರ್ ಊರು."

"ಈಕಿನ್ನ ಎಬ್ಬಸಂಗಿಲ್ಲೇನು?"

"ಯಾಕ ಎಬ್ಬಸ್ತಾರ? ಹುಚ್ಚೇನು ನೀ? ಆಕಿ ವ್ಯಾಪಾರ ಆಕಿ ಮಾಡ್ತಾಳ."

ಮತ್ತೊಮ್ಮೆ ಹಾಕಿಸಿಕೊಂಡು ನೋಡಿದೆ. ಮೇಲಿನ ನಂಬರ್ ಬರುವ ಊರಲ್ಲಿ ಹಣ್ಣಿನವಳು ಇದ್ದಾಳೆ. ಕೂತಿದ್ದಾಳೆ. ಹಾಗಾದರೆ ನಾನು ಕಾಲಿನಿಂದ ದೂಡಿದ್ದು ಏತಕ್ಕೆ? ಊರಿಗಾಗಿ ಅಲ್ಲ, ನಂಬರಿಗಾಗಿಯೂ ಅಲ್ಲ. ನಾಲ್ಕು ಜನ ನಗಬಾರದು ಎಂದು. ಅರ್ಧ ದಿನದ ಕೆಲಸ ಬಿಟ್ಟು ಹೇಳದೆ ಕೇಳದೆ ಬಸ್ ಹತ್ತಿದೆ.

ಕಮಲಾಪುರದಲ್ಲಿ ಇಳಿಯುವ ಮೊದಲೇ ಅಕ್ಕ ಕಂಡಳು. ಬಸ್ ನಿಲ್ಲುವಲ್ಲಿ ಬುಟ್ಟಿಯನ್ನು ಎರಡೂ ಕೈಯಿಂದ ಕಿಟಕಿಯ ಎತ್ತರಕ್ಕೆ ಹಿಡಿದು, ನಾನು ಕೂತಿದ್ದ ಬಸ್ಸಿನ ಜೊತೆಗೇ ಓಡಿ ಬರುತ್ತಿದ್ದಳು. ನಲವತ್ತು ದಾಟಿದ ಹೆಂಗಸು. "ಕೆಂಪ ಬಾಳಿಹಣ್ಣ್ರೀ, ಕೆಂಪ ಬಾಳಿಹಣ್ಣ..." ನನ್ನ ಕಿಟಕಿಗೂ ಬುಟ್ಟಿ ಬಂತು. ನೋಡಿದಳು. ಬುಟ್ಟಿ ಮುಂದಿನ ಕಿಟಕಿಗೆ ಹೋಯಿತು.

ಇಳಿದು ಅವಳ ಎದುರು ನಿಂತೆ. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಬೇ ಇವರು?" ಎಂದು ಅಕ್ಕನನ್ನು ಕೇಳಿದಳು.

"ಯಾರೋ ಕಲಬುರಗಿ ಸಾಹೇಬ್ರು," ಅಂದಳು ಅಕ್ಕ. "ಎಷ್ಟು ಕೊಡ್ಲಿ ರೀ? ಒಂದು ಡಜನ್?"

ನನ್ನನ್ನು ಚುಚ್ಚಲು ಹಾಗೆ ಅಂದಳೋ, ಇನ್ನೂ ನನ್ನ ಸುಳ್ಳನ್ನು ಕಾಯಲೆಂದೇ ಅಂದಳೋ, ಅವಳ ಮುಖದಲ್ಲಿ ತಿಳಿಯಲಿಲ್ಲ. ಎರಡನೆಯದೇ ಇರಬಹುದು ಅನಿಸಿತು. "ತಪ್ಪಾತು," ಅಂದೆ. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಒತ್ತಿಹಿಡಿದ.

"ಏನಂದ್ರಿ? ಕೇಳಸವಲ್ದು," ಅಂದಳು ಅಕ್ಕ.

ಬಸ್ಸಿನ ಕಿಟಕಿಗಳಲ್ಲಿ ಜನ ನಮ್ಮನ್ನೇ ನೋಡುತ್ತಿದ್ದರು. ಶೇಂಗಾದವಳು ಪೊಟ್ಟಣ ಕಟ್ಟುವುದನ್ನು ಬಿಟ್ಟು ನಿಂತಿದ್ದಳು. ನಾನು ಅಕ್ಕನ ಕೈಯಿಂದ ಬುಟ್ಟಿಯನ್ನು ಇಸಿದುಕೊಂಡು ಹಾರ್ನಿನ ಮೇಲೆ ಕೇಳುವ ಹಾಗೆ ಕೂಗಿ ಹೇಳಿದೆ.

"ನಾ ಸಾಹೇಬ ಅಲ್ಲಬೇ, ಈಕಿ ತಮ್ಮ. ಅಕ್ಕಾ, ನಿನ್ನ ಎಬ್ಬಸ್ತಾರ ಅಂತ ನನಗ ಮೊದಲೇ ಗೊತ್ತಿತ್ತು, ಹೇಳಲಿಲ್ಲ. ನಾಕ್ ಮಂದಿ ಮುಂದ ನೀ ನಮ್ಮಕ್ಕ ಅಂತ ಹೇಳಾಕ ನಾಚಿದೆ. ನಿನ್ನ ಅನ್ನಕ್ಕ ಕಾಲ ಹಚ್ಚಿದೆ. ನಂದು ತಪ್ಪಾಗ್ಯಾದ, ಅಕ್ಕಾ. ಭಾಳ ದೊಡ್ಡ ತಪ್ಪಾಗ್ಯಾದ."