ಬಿನ್ ಒಮ್ರಾನಿನ ವಿಲ್ಲಾ ಖಾಲಿಯಾದದ್ದು

ನಾವು ಕತಾರಿನ ಬಿನ್ ಒಮ್ರಾನ್ ಬಡಾವಣೆಗೆ ಬಂದಾಗ ಅಲ್ಲಿ ಹಳೆಯ ವಿಲ್ಲಾಗಳೇ ಹೆಚ್ಚು. ಕತಾರಿ ಕುಟುಂಬಗಳು ಹೊರವಲಯದ ದೊಡ್ಡ ಮನೆಗಳಿಗೆ ಹೋದ ಮೇಲೆ ಅವರ ಅಂಗಳಗಳಲ್ಲಿ ನಮ್ಮಂಥವರ ಬಟ್ಟೆ ಒಣಗತೊಡಗಿತ್ತು. ಹಜಾರಕ್ಕೆ ಜಿಪ್ಸಂ ಹಲಗೆ ಅಡ್ಡ ನಿಲ್ಲಿಸಿ ಎರಡು ಸಂಸಾರ ಇಡುತ್ತಿದ್ದರು. ಪಕ್ಕದವರು ಮೀನು ಹುರಿದರೆ ನಮ್ಮ ದಿಂಬು ನಾರುತ್ತಿತ್ತು. ಆದರೂ ದರ್ಜಿ ಅಂಗಡಿಯ ಮುಂದೆ ತುಳು, ಬ್ಯಾರಿ ಮಾತು ಕಿವಿಗೆ ಬೀಳುವ ಆ ಬಡಾವಣೆ ನನಗೆ ಹಿಡಿಸಿತ್ತು.

ನಮ್ಮ ವಿಲ್ಲಾವನ್ನು ಮಾಲೀಕನಿಂದ ಇಡಿಯಾಗಿ ಹಿಡಿದು ಕೋಣೆಗಳನ್ನು ಬಾಡಿಗೆಗೆ ಕೊಟ್ಟವನು ನಮ್ಮ ಊರ ಕಡೆಯವನೇ. ಒಂದು ಜುಲೈಯ ಸುಡುಬೇಸಿಗೆಯಲ್ಲಿ ಅವನಿಗೆ ನಮ್ಮ ಕೋಣೆ ತನ್ನ ಭಾವನಿಗೆಂದು ಬೇಕಾಯಿತು. ನಾವು ಸ್ವಲ್ಪ ಸಮಯ ಕೇಳಿದೆವು. ಮರುದಿನ ಮಧ್ಯಾಹ್ನ, ಗಂಡ ದೂರದ ಮೆಸಯೀದಿನಲ್ಲಿ ಕೆಲಸದಲ್ಲಿದ್ದಾಗ, ನಮ್ಮ ಕೋಣೆಗೆ ಮಾತ್ರ ಕರೆಂಟು ನಿಲ್ಲಿಸಿದ. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಬೆವರಿ ಬೆವರಿ ನೆಲಕ್ಕೆ ಕುಸಿದರು. ಅದೇ ವಿಲ್ಲಾದ ಮುಂಭಾಗದಲ್ಲಿ ಸಂಸಾರ ಹೂಡಿದ್ದ ಅವನಲ್ಲಿಗೆ ಓಡಿಹೋಗಿ ಬೇಡಿಕೊಂಡೆ.

“ಖಲಾಸ್ ಅಕ್ಕ, ಇನ್ನು ಮಾತಿಲ್ಲ. ಕೋಣೆ ಬಿಡ್ತೇವೆ ಅಂತ ಹೇಳಿ, ಈಗಲೇ ಕರೆಂಟು ಕೊಡ್ತೇನೆ,” ಎಂದ, ಊಟದ ತಟ್ಟೆಯಿಂದ ತಲೆ ಎತ್ತದೆ.

ಅಮ್ಮ ಆಸ್ಪತ್ರೆಯಿಂದ ಬಂದು ಊರಿಗೆ ಹೋದವರು ಮತ್ತೆ ಕತಾರಿಗೆ ಕಾಲಿಡಲಿಲ್ಲ.

ನಾವು ಎದುರಿನ ಹೊಸ ಕಟ್ಟಡಕ್ಕೆ ಹೋದೆವು. ಅಡುಗೆಮನೆಯ ಕಿಟಕಿಯಿಂದ ಅವನ ಗೇಟು ಕಾಣುತ್ತಿತ್ತು. ಅನ್ನ ಬಸಿಯುವಾಗಲೂ ನೋಡುತ್ತಿದ್ದೆ. ಬಡಾವಣೆಯಲ್ಲಿ ಯಾವ ಮನೆ ಖಾಲಿಯಾಗುತ್ತದೆ, ಯಾವ ವಾಚ್‌ಮನ್‌ನನ್ನು ಕೇಳಬೇಕು, ಎಲ್ಲ ತಿಳಿದುಕೊಂಡೆ. ಆಮೇಲೆ ಅವನ ಬಾಡಿಗೆದಾರರನ್ನು ಒಬ್ಬೊಬ್ಬರಾಗಿ ಅಲ್ಲಿಂದ ಎಬ್ಬಿಸಿದೆ. ನರ್ಸಿನ ಕುಟುಂಬವನ್ನು ನಮ್ಮ ಮೇಲಿನ ಮಹಡಿಗೆ ತಂದೆ. ಬ್ಯಾರಿ ದಂಪತಿಗೆ ಅಬು ಹಮೂರಿನಲ್ಲಿ ಮನೆ ಹುಡುಕಿದೆ. ಕೊನೆಗೆ ಅವನ ಭಾವನಿಗೂ ನಾನೇ ಮನೆ ತೋರಿಸಿದೆ. ಆ ದಿನ ಪಾಯಸ ಮಾಡಿದೆ.

ಕೋಣೆಗಳು ಖಾಲಿಬಿದ್ದು ಅವನು ಬಾಡಿಗೆ ಕಟ್ಟಲಾರದಾದಾಗ ಮಾಲೀಕ ವಿಲ್ಲಾವನ್ನು ಕೆಡವಿಸಲು ಹೊರಟ. ಆಗ, ಅಂದು ಕರೆಂಟು ನಿಲ್ಲಿಸಿದ್ದ ಅವನೇ ನಮ್ಮ ಬಾಗಿಲಿಗೆ ಬಂದ.

“ಅಕ್ಕ, ನಿಮಗೆ ಎಲ್ಲ ಕಡೆ ಗುರ್ತ ಉಂಟಂತೆ. ನಮಗೊಂದು ರೂಮ್ ಸಿಗ್ತದಾ?”

“ಮಾಫಿ,” ಎಂದು ಅರಬಿಯಲ್ಲೇ ಹೇಳಿದೆ. “ಇಲ್ಲ.”

“ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಬೇಕಾಗ್ತದೆ.”

“ಕಳಿಸಿ,” ಎಂದು ಬಾಗಿಲು ಹಾಕಿದೆ.

ಗಂಡ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. “ಇಷ್ಟು ಹಟ ಒಳ್ಳೆದಲ್ಲ ಮಾರಾಯ್ತಿ,” ಎಂದರು. ಜೆಸಿಬಿ ಬಂದ ದಿನ ಅಡುಗೆಮನೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತು ಕೊನೆಯ ಗೋಡೆ ಬೀಳುವವರೆಗೂ ನೋಡಿದೆ.

ಅವನು ಈಗ ಇದೇ ಬಡಾವಣೆಯಲ್ಲಿ ಬ್ಯಾಚುಲರ್‌ಗಳ ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದಿದ್ದಾನೆ. ತರಕಾರಿ ಅಂಗಡಿಯಲ್ಲಿ ಎದುರಾದರೆ ಬದಿಗೆ ಸರಿದು ನಿಲ್ಲುತ್ತಾನೆ. ನಾನು ಬೇಕೆಂದೇ ನಿಧಾನವಾಗಿ ಟೊಮೆಟೊ ಆರಿಸುತ್ತೇನೆ.