ಬನ್ನಿಗೆ ಕಟ್ಟಿದ ಚಿಂದಿ

ಬೇಸಗೆಯ ಆ ದಿನ ಅಕ್ಕ ರಾಣೆಬೆನ್ನೂರಿನ ದರ್ಜಿಯ ಅಂಗಡಿಯಿಂದ ಒಂದು ಚೀಲ ಹಸಿರು ಚಿಂದಿ ತಂದಿದ್ದರು. ಅಕ್ಕ ಎಂದರೆ ಒಡಹುಟ್ಟಿದ ಅಕ್ಕನಲ್ಲ, ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ. ಬ್ಯಾಡಗಿಯಿಂದ ಮದುವೆಯಾಗಿ ಮೇಡ್ಲೇರಿಯ ಅತ್ತೆಯಿಲ್ಲದ ಮನೆಗೆ ಬಂದ ನನಗೆ ರೊಟ್ಟಿ ಬಡಿಯುವುದರಿಂದ ಹಿಡಿದು ಮಾವನವರ ಮುಂದೆ ನಗು ತಡೆದುಕೊಳ್ಳುವುದರವರೆಗೆ ಎಲ್ಲ ಕಲಿಸಿದವರು ಅವರೇ. ಎರಡನೆಯದು ನನಗೆ ಸರಿಯಾಗಿ ಬರಲೇ ಇಲ್ಲ.

ಬುತ್ತಿ, ಗುದ್ದಲಿ, ಚಿಂದಿಯ ಚೀಲ ಹೊತ್ತುಕೊಂಡು ನಾವಿಬ್ಬರೂ ಭಾವನವರೂ ಹೊಳೆದಂಡೆಗೆ ಹೋದೆವು. ನಮ್ಮ ಹೊಲಕ್ಕೂ ತುಂಗಭದ್ರೆಗೂ ನಡುವೆ ಒಂದು ಪಟ್ಟಿ ಜಾಗವಿದೆ. ಮೊದಲು ಅಲ್ಲಿ ಬನ್ನಿ, ಲಕ್ಕಿ, ಹುಲಗಲ ಬೆಳೆಯುತ್ತಿದ್ದವಂತೆ. ನಾನು ಬರುವ ಹೊತ್ತಿಗೆ ಬಳ್ಳಾರಿ ಜಾಲಿ ಎಲ್ಲವನ್ನೂ ನುಂಗಿತ್ತು. ಅದನ್ನು ಮೇಲೆ ಕಡಿದರೆ ಇನ್ನೂ ಒತ್ತಾಗಿ ಚಿಗುರುತ್ತದೆ. ಬುಡ ಅಗೆದು ಬೇರು ಎತ್ತಬೇಕು. ಕಾಯಿ ತಿಂದ ಕುರಿಗಳು ಹೋದಲ್ಲೆಲ್ಲ ಬೀಜ ಹಾಕುತ್ತವೆ. ಒಲೆಗೆ ಕಟ್ಟಿಗೆ ಸಿಗುತ್ತದೆಂದು ಊರವರಿಗೆ ಅದರ ಮೇಲೆ ಸಿಟ್ಟೂ ಇರಲಿಲ್ಲ.

ಅಕ್ಕನಿಗೆ ಸಿಟ್ಟು ಬಂದದ್ದು ಹಿಂದಿನ ದಸರೆಯಲ್ಲಿ. ನಮ್ಮ ಕಡೆ ಅಂದು ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರಿಗೆ ಕೊಟ್ಟು ಕಾಲು ಮುಗಿಯುತ್ತೇವೆ. ಭಾವನವರು ದಂಡೆಯಿಂದ ಮುರಿದು ತಂದ ಎಲೆಯನ್ನು ಓಣಿಗೆಲ್ಲ ಹಂಚಿ, ಎಲ್ಲರ ಆಶೀರ್ವಾದ ಪಡೆದು ಮುಗಿದ ಮೇಲೆ ಅಕ್ಕ ಒಂದು ಟೊಂಗೆಯನ್ನು ದೀಪದ ಬಳಿ ಹಿಡಿದು ನೋಡಿದರು. ಅದು ಬಳ್ಳಾರಿ ಜಾಲಿ.

“ಹಂಗಾರ ನಾ ಕೊಟ್ಟ ಆಶೀರ್ವಾದ ವಾಪಸ್ ತಗೋಬೇಕೇನವಾ?” ಎಂದರು ಮಾವನವರು.

“ಇರಲಿ ಬಿಡ್ರಿ ಮಾವಾರ. ನಿಮ್ಮ ಮಗನ್ನ ಕಟ್ಕೊಂಡಾಗಿಂದ ಮುಳ್ಳು ನನಗ ರೂಢಿ ಐತಿ,” ಎಂದರು ಅಕ್ಕ.

ಮುಂದಿನ ದಸರೆಗೆ ನಮ್ಮ ದಂಡೆಯ ಖರೇ ಬನ್ನಿಯನ್ನೇ ಕೊಡಬೇಕೆಂದು ಅವರು ಅಂದೇ ಹಟ ಹಿಡಿದರು. ಹುಡುಕಿದರೆ ಜಾಲಿಯ ಕೆಳಗೆ ಹಳೆಯ ಬೇರುಗಳಿಂದ ಬನ್ನಿ ಅಲ್ಲಲ್ಲಿ ಮೊಳಕಾಲೆತ್ತರ ಚಿಗುರಿತ್ತು. ಎರಡರ ಎಲೆಯೂ ನೋಡಲು ಒಂದೇ ತರಹ. ಜಾಲಿಗೆ ಎಲೆ ಹುಟ್ಟುವ ಗಿಣ್ಣಿನಲ್ಲಿ ಜೋಡಿ ಮುಳ್ಳು. ಬನ್ನಿಗೆ ಗಿಣ್ಣುಗಳ ನಡುವೆ ಸಣ್ಣ ಒಂಟಿ ಮುಳ್ಳು. ಭಾವನವರಿಗೆ ಅಷ್ಟು ಬಗ್ಗಿ ನೋಡುವ ತಾಳ್ಮೆಯಿಲ್ಲ. ಅವರ ಗುದ್ದಲಿಗೆ ಸಿಕ್ಕಿ ಬನ್ನಿಯೂ ಎದ್ದು ಬರತೊಡಗಿದ್ದರಿಂದಲೇ ಈ ಚಿಂದಿ. ಉಳಿಸಬೇಕಾದ ಗಿಡಕ್ಕೆಲ್ಲ ಒಂದೊಂದು ಚೂರು ಕಟ್ಟಿ, ಊಟಕ್ಕೆ ಕುಳಿತೆವು.

“ಹಸರು ಕಂಡಲ್ಲಿ ಗುದ್ದಲಿ ಎತ್ತಬ್ಯಾಡ್ರಿ,” ಎಂದರು ಅಕ್ಕ.

“ಇಡೀ ದಂಡೀನ ಹಸರೈತಿ. ಮನೀಗೆ ಹೋಗ್ಲೇನು?” ಎಂದರು ಭಾವನವರು.

ನನಗೆ ರೊಟ್ಟಿ ನೆತ್ತಿಗೆ ಹತ್ತಿತು. ಅಕ್ಕ ನನ್ನ ಬೆನ್ನು ತಟ್ಟುತ್ತ, ತಾವೂ ನಗುತ್ತ, “ಇನ್ನೊಮ್ಮೆ ಕೆಂಪು ತರೂಣ ತಡಿ,” ಎಂದರು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಲು ಕುಳಿತ ಅಕ್ಕ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ರಾಣೆಬೆನ್ನೂರಿನ ದವಾಖಾನೆ ಮುಟ್ಟುವ ಮೊದಲೇ ಹೋದರು. ಮನೆಗೊಂದೇ ಮೊಬೈಲ್ ಇದ್ದ ಕಾಲ. ಬಂಧುಗಳಿಗೆಲ್ಲ ನಾನೇ ತಿಳಿಸಿದೆ.

ಆಮೇಲೆ ಮನೆಯಲ್ಲಿ ಯಾರೂ ದಂಡೆಯ ಮಾತೆತ್ತಲಿಲ್ಲ. ಆದರೆ ಮಳೆ ಹಿಡಿದರೆ ಜಾಲಿ ಮತ್ತೆ ಬನ್ನಿಯನ್ನು ಮುಚ್ಚುತ್ತದೆಂದು ನನಗೆ ಗೊತ್ತಿತ್ತು. ಕೆಂಪು ಚಿಂದಿ ತರಿಸಿಕೊಂಡು ಒಬ್ಬಳೇ ಹೋಗಿ ಕಟ್ಟತೊಡಗಿದೆ. ಸ್ವಲ್ಪ ಹೊತ್ತಿಗೆ ಭಾವನವರೂ ಗುದ್ದಲಿ ತಂದರು.

ಕೆಂಪು ಚಿಂದಿ ಬೇರೆಯೇ ಫಜೀತಿ ತಂದಿತು. ಹೊಳೆಗೆ ಬಟ್ಟೆ ಒಗೆಯಲು ಬರುವವರು ಅದನ್ನು ಹರಕೆಯೆಂದು ತಿಳಿದರು. ಕೆಲವು ದಿನ ಬಿಟ್ಟು ಹೋದರೆ ಗಿಡಗಳಿಗೆ ನಾವು ಕಟ್ಟದ ಚೂರುಗಳು, ಅರಿಸಿನ, ಕುಂಕುಮ, ಒಂದು ಕಡೆ ಒಡೆದ ತೆಂಗಿನಕಾಯಿ. ಎಲ್ಲಕ್ಕಿಂತ ದೊಡ್ಡ ಪೂಜೆ ನಡೆದದ್ದು ಮೈತುಂಬ ಕಾಯಿ ಬಿಟ್ಟ ಒಂದು ಬಳ್ಳಾರಿ ಜಾಲಿಗೆ. ಭಾವನವರು ಗುದ್ದಲಿ ಎತ್ತಿದರೆ, ಹಾವೇರಿಯಿಂದ ತವರಿಗೆ ಬಂದಿದ್ದ ಹೆಂಗಸೊಬ್ಬಳು ಅಡ್ಡ ನಿಂತಳು.

“ಕಡೀಬ್ಯಾಡ್ರಿ ಕಾಕಾ. ಮಗಳಿಗೆ ಲಗೂನ ವರ ಕೂಡಿ ಬರ್ಲಿ ಅಂತ ಕಟ್ಟೇನಿ.”

“ಇದು ಜಾಲಿ ಐತವಾ. ಇದಕ ಬೇಡ್ಕೊಂಡ್ರ ಎಂಥಾ ಅಳಿಯಾ ಸಿಗ್ತಾನ, ನೀನ ವಿಚಾರ ಮಾಡು.”

ಆಕೆ ಮುಳ್ಳು ನೋಡಿದಳು, ಭಾವನವರ ಮುಖ ನೋಡಿದಳು, ಚಿಂದಿ ಬಿಚ್ಚಿ ಪಕ್ಕದ ಬನ್ನಿಗೆ ಕಟ್ಟಿದಳು. ಅಕ್ಕ ಹೋದ ಮೇಲೆ ಭಾವನವರು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಹರಕೆಯ ಗಿಡಗಳೆಂದ ಮೇಲೆ ಕುರಿಯವರೂ ಮಂದೆಯನ್ನು ದೂರದಿಂದಲೇ ಹೊಡೆದುಕೊಂಡು ಹೋದರು. ನಮಗೂ ಅದೇ ಬೇಕಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬನ್ನಿ ಸೊಂಟ ಮುಟ್ಟಿತು. ನಡುವೆ ಯಾರೂ ನೆಡದ ಲಕ್ಕಿಯೂ ಎದ್ದಿತು.

ದಸರೆಯ ಸಂಜೆ ಆ ಎಲೆಯನ್ನೇ ಓಣಿಗೆಲ್ಲ ಕೊಟ್ಟೆವು. ಮಾವನವರು ಟೊಂಗೆಯ ಮುಳ್ಳು ಸವರಿ ನೋಡಿಯೇ ಆಶೀರ್ವಾದ ಮಾಡಿದರು. ಮನೆಯೊಳಗೆ ವಯಸ್ಸಿನ ಪ್ರಕಾರ ಕೊಡುತ್ತ ಬರುವುದು ರೂಢಿ. ಮಾವನವರಾದ ಮೇಲೆ ಭಾವನವರಿಗೆ ಕೊಟ್ಟೆ. ಅವರ ನಂತರದ ಸರದಿ ಅಕ್ಕನದಾಗಿತ್ತು. ಈಗ ಮನೆಯ ಹೆಂಗಸರಲ್ಲಿ ನಾನೇ ಹಿರಿಯಳು, ಕಿರಿಯರು ನನಗೆ ತಂದು ಕೊಡುತ್ತಾರೆ. ದಂಡೆಯ ಬನ್ನಿ ಪ್ರತಿ ವರ್ಷ ಸಾಕಾಗುವಷ್ಟು ಸಿಗುತ್ತದೆ. ನಾನು ಅಕ್ಕಾ ಎಂದು ಕರೆಯುವವರು ಮನೆಯಲ್ಲಿ ಇಲ್ಲ.