ಸೇತುವೆಯನ್ನು ಹೊಗಳದ ಪತ್ರ

ರೇಡಿಯೋ ಹಚ್ಚುವವರು ಬೇರೆ, ರೇಡಿಯೋ ಕೇಳುವವರು ಬೇರೆ. ನಾನು ಮೊದಲನೆಯ ಪಂಗಡದವಳು: ಅಡುಗೆಮನೆಯಲ್ಲಿ ಅದು ತನ್ನಷ್ಟಕ್ಕೆ ಹಾಡುತ್ತಿರುತ್ತದೆ, ನಾನು ನನ್ನಷ್ಟಕ್ಕೆ ಒಗ್ಗರಣೆ ಹಾಕುತ್ತಿರುತ್ತೇನೆ, ಪರಸ್ಪರರ ಹಂಗು ಇಬ್ಬರಿಗೂ ಇಲ್ಲ. ನಿಜವಾಗಿ ಕೇಳುವವನನ್ನು ನೋಡಬೇಕಾದರೆ ನೀವು ನಮ್ಮ ನರೇಗಲ್ಲಿಗೆ ಬಂದು ದರ್ಜಿ ಈರಣ್ಣನ ಅಂಗಡಿಯಲ್ಲಿ ಅರ್ಧ ತಾಸು ಕೂರಬೇಕು.

ಲೋಕವೆಲ್ಲ ಫೋನಿನಲ್ಲಿ ಸಿಗುವ ಈ ಕಾಲದಲ್ಲೂ ಈರಣ್ಣ ಪ್ರತಿ ಭಾನುವಾರ ಸಂಜೆ ತನ್ನ ಹಳೆಯ ಶಾರ್ಟ್‌ವೇವ್ ರೇಡಿಯೋದ ತಂತಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಒಂದೇ ಪಕ್ಷ ಆಳುವ ದೂರದ ದೇಶವೊಂದರ ಸರ್ಕಾರಿ ರೇಡಿಯೋದ ಹಿಂದಿ ಪ್ರಸಾರ ಕೇಳುತ್ತಾನೆ. ದೇಶದ ಹೆಸರು ಬೇಡ. ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಆ ರೇಡಿಯೋದ ಪ್ರಕಾರ ಅಲ್ಲಿ ಬೆಳೆ ಪ್ರತಿವರ್ಷವೂ ಹುಲುಸು, ನಾಯಕರು ಪ್ರತಿದಿನವೂ ದೂರದರ್ಶಿಗಳು, ಪ್ರಜೆಗಳು ನಿದ್ದೆಯಲ್ಲೂ ಸಂತೃಪ್ತರು. ಈರಣ್ಣ ಇದನ್ನು ನಂಬುತ್ತಿರಲಿಲ್ಲ. ಅವನು ಕಾಯುತ್ತಿದ್ದದ್ದು ಶ್ರೋತೃಗಳ ಪತ್ರ ಓದುವ ಕಾರ್ಯಕ್ರಮಕ್ಕೆ. ಅದನ್ನು ನಡೆಸುವಾಕೆ ಆ ದೇಶದವಳೇ. ಹಿಂದಿ ಕಲಿತು, ತನಗೆ ತಾನೇ ಸರಿತಾ ಎಂದು ಹೆಸರಿಟ್ಟುಕೊಂಡವಳು. ಅವಳ ಬಾಯಲ್ಲಿ ನಮ್ಮೂರು 'ನರೇಗಾಲ' ಆಗುತ್ತಿತ್ತಾದರೂ ಅಷ್ಟು ದೂರದಿಂದ ತನ್ನ ಊರಿನ ಹೆಸರು ತೇಲಿಬಂದರೆ ಈರಣ್ಣನ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತಿತ್ತು.

ಅವನ ಪತ್ರಗಳ ಹಿಂದಿ ಮಾತ್ರ ನನ್ನದು. ಇಲ್ಲಿಯ ಸಾಲಿಯಲ್ಲಿ ಹಿಂದಿ ಕಲಿಸಿ ನಿವೃತ್ತಳಾದ ನನಗೆ ತಿದ್ದಲು ಮಕ್ಕಳಿಲ್ಲದೆ ಕೈ ಕಡಿಯುತ್ತಿತ್ತು. ಒಂದು ಮಳೆಗಾಲ, ಮಲಪ್ರಭೆ ತುಂಬಿ ಕೊಣ್ಣೂರಿನ ಸೇತುವೆ ಮುಳುಗಿ ಬಸ್ಸುಗಳು ನಿಂತ ವಾರ, ಅವನು ಬಂದು ಹೇಳಿದ:

"ಅಕ್ಕಾರ, ಈ ಸಲ ಅವರಿಗೊಂದು ಪ್ರಶ್ನೆ ಕೇಳೂಣ್ರಿ. ನಮ್ಮ ಕಡೆ ಸೇತುವೆ ಮುಳುಗಿದ್ರ ಜನ ಸರ್ಕಾರಕ್ಕ ಬೈತಾರ, ಪೇಪರಿನ್ಯಾಗೂ ಬರತದ. ನಿಮ್ಮ ಕಡೆ ಹೊಳಿ ಬಂದ್ರ ಜನ ಯಾರಿಗೆ ಬೈತಾರಂತ ಕೇಳ್ರಿ."

ಪ್ರಶ್ನೆ ಎರಡು ಸಾಲಿನದು. ಇಷ್ಟು ಬೋಳಾಗಿ ಕಳಿಸುವುದು ಶಿಷ್ಟಾಚಾರವಲ್ಲವೆಂದು ನಾನು ಮೇಲೊಂದು, ಕೆಳಗೊಂದು ಪ್ಯಾರಾ ಜೋಡಿಸಿದೆ. 'ನಿಮ್ಮ ಮಹಾನ್ ದೇಶದ ಅದ್ಭುತ ಪ್ರಗತಿ' ಎಂಬ ಪದಪುಂಜ ನನ್ನದೇ. ಬರೆದು ಮುಗಿಸಿ, ನನ್ನ ಹಿಂದಿಗೆ ನಾನೇ ತಲೆದೂಗಿದ್ದೂ ಉಂಟು.

ಒಂದೂವರೆ ತಿಂಗಳ ಮೇಲೆ ಪತ್ರ ಪ್ರಸಾರವಾಯಿತು. ಅಂಗಡಿಯಲ್ಲಿ ನಾನಿದ್ದೆ, ನಿವೃತ್ತ ಬಸ್ ಕಂಡಕ್ಟರ್ ಮಾಬುಸಾಬರಿದ್ದರು. ಸರಿತಾ ಓದಿದಳು: ನರೇಗಾಲದ ಈರಣ್ಣ ಅವರ ಕಡೆ ಪ್ರವಾಹ ಬಂದರೆ ಸೇತುವೆ ಮುಳುಗುತ್ತದಂತೆ, ನಮ್ಮ ಮಹಾನ್ ದೇಶದ ಅದ್ಭುತ ಪ್ರಗತಿಯನ್ನೂ ಗಟ್ಟಿಮುಟ್ಟಾದ ಸೇತುವೆಗಳನ್ನೂ ಅವರು ಮನಸಾರೆ ಹೊಗಳಿದ್ದಾರೆ. ಆಮೇಲೆ ಹಾಡು.

"ಏನೋ ಈರಣ್ಣಾ, ನಮ್ಮ ಸೇತುವಿ ಮರ್ಯಾದಿ ಹೊರದೇಶದಾಗೂ ಕಳದ್ಯಲ್ಲೋ!" ಮಾಬುಸಾಬರು ನಕ್ಕರು.

ಈರಣ್ಣ ನಗಲಿಲ್ಲ. "ನಾ ಹೊಗಳಿಲ್ರಿ. ನಾ ಕೇಳೇನಿ," ಎಂದ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚಲೋ ಇತ್ತು. ಸುಳ್ಳು ಅವರದೇ ಆದರೂ ಅದಕ್ಕೆ ಬೇಕಾದ ಬಟ್ಟೆಯನ್ನು ನಾನೇ ಗಜಗಟ್ಟಲೆ ಒದಗಿಸಿದ್ದೆ. ಅವರು ಕತ್ತರಿ ಆಡಿಸಿದ್ದಷ್ಟೇ.

ಮರುವಾರ ಆ ದೇಶದಿಂದ ಬಣ್ಣದ ಲಕೋಟೆ ಬಂತು. ಈರಣ್ಣ ಉತ್ತಮ ಶ್ರೋತೃವಂತೆ. ಅವರ ಖರ್ಚಿನಲ್ಲೇ ದೇಶ ನೋಡಲು ಕರೆಸುವವರ ಪಟ್ಟಿಯಲ್ಲಿ ಅವನ ಹೆಸರಿದೆಯಂತೆ. ಹುಬ್ಬಳ್ಳಿ ದಾಟದ ಮನುಷ್ಯ ಆ ಕಾಗದವನ್ನು ಮೂರು ದಿನ ಗೋಡೆಗೆ ಅಂಟಿಸಿ ನೋಡಿದ. ನಾಲ್ಕನೆಯ ದಿನ ನನ್ನ ಮನೆಗೆ ಬಂದ. ಕೈಯಲ್ಲಿ ತಾನೇ ಹಿಂದಿಯಲ್ಲಿ ಬರೆದ ಪತ್ರ.

"ಬರೇ ಕಾಗುಣಿತ ನೋಡ್ರಿ ಅಕ್ಕಾರ. ಜರಿ ಅಂಚು ಹಚ್ಚಬ್ಯಾಡ್ರಿ."

ಪತ್ರದಲ್ಲಿದ್ದದ್ದು ಇಷ್ಟೇ: 'ನಾನು ಸೇತುವೆ ಹೊಗಳಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಇಲ್ಲದಿದ್ದರೆ ಬಿಡಿ. ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ಆಡಬೇಡಿ.'

"ಇದನ್ನ ಕಳಿಸಿದ್ರ ನಿನ್ನನ್ನ ಕರಿಯೂದಿಲ್ಲ ಈರಣ್ಣಾ," ಎಂದೆ.

"ಹೋದ್ರ ಅಲ್ಲೂ ನನ್ನ ಮುಂದ ಮೈಕ್ ಹಿಡೀತಾರಲ್ರೀ. ಆವಾಗ ಏನ್ ಹೇಳ್ಲಿ?"

ಎರಡು ದೀರ್ಘ ತಿದ್ದಿ ಕೊಟ್ಟೆ. ನಿವೃತ್ತಿಯ ನಂತರ ನಾನು ಮಾಡಿದ ಅತ್ಯುತ್ತಮ ಸಂಪಾದನೆ ಅದು.

ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸರಿತಾ ಎಂದಿನಂತೆ ಶುರುಮಾಡಿದಳು: "ನರೇಗಾಲದಿಂದ ಈರಣ್ಣ ಅವರು ಬರೆದಿದ್ದಾರೆ..." ಮುಂದೆ ಮಾತಿಲ್ಲ. ಕಾಗದ ಸರಿದ ಸದ್ದು ಕೇಳಿಸಿತು. ಗೊರಗೊರ ಎನ್ನುವ ಆ ರೇಡಿಯೋದಲ್ಲಿ ಮೌನವೂ ಇಷ್ಟು ಸ್ಪಷ್ಟವಾಗಿ ಕೇಳಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ತಗ್ಗಿದ ದನಿಯಲ್ಲಿ, "ಈರಣ್ಣ ಅವರೇ, ನಿಮ್ಮ ಪತ್ರ ತಲುಪಿದೆ. ಪೂರ್ತಿ ಓದಿಕೊಂಡಿದ್ದೇನೆ," ಎಂದು ಹೇಳಿ ಹಾಡು ಹಾಕಿದಳು.

"ಎಲ್ಲಾರ ಮುಂದ ಓದಲಿಲ್ಲ," ಎಂದೆ.

"ಸುಳ್ಳೂ ಓದಲಿಲ್ರಿ," ಎಂದ ಈರಣ್ಣ. ಅವನ ಕಣ್ಣು ತುಂಬಿದ್ದವು.

ಮುಂದಿನ ಭಾನುವಾರ ಬೇರೆ ದನಿ. ಅದರ ಮುಂದಿನ ವಾರವೂ ಬೇರೆಯದೇ. ಈರಣ್ಣ ಅಳತೆ ತಪ್ಪತೊಡಗಿದ. ಒಬ್ಬರ ಜುಬ್ಬಕ್ಕೆ ಇನ್ನೊಬ್ಬರ ತೋಳು ಕೂರಿಸಿದ. "ನನ್ನ ಹಟದಿಂದ ಆಕಿ ಅನ್ನಕ್ಕ ಕುತ್ತು ಬಂತೇನ್ರಿ?" ಎಂದು ಕೇಳಿದ. ಖರೇ ಮಾತಿನ ಬೆಲೆಯನ್ನು ಆಡಿದವರೇ ತೆರುತ್ತಾರೆಂದು ತಿಳಿದಿದ್ದೆ. ನರೇಗಲ್ಲಿನಲ್ಲಿ ಕೂತು ಆಡಿದ ಮಾತಿಗೆ ಎಲ್ಲೋ ಇನ್ನೊಬ್ಬಾಕೆ ತೆರಬೇಕಾಗಬಹುದೆಂದು ತಿಳಿದಿರಲಿಲ್ಲ. ದೇಶದ ಹೆಸರನ್ನು ನಾನು ಯಾಕೆ ಹೇಳಲಿಲ್ಲವೆಂದು ಈಗ ನಿಮಗೆ ಗೊತ್ತಾಗಿರಬೇಕು.

ಆರನೆಯ ವಾರ, ಪತ್ರಗಳ ಕಾರ್ಯಕ್ರಮ ಮುಗಿದು ಈರಣ್ಣ ರೇಡಿಯೋ ಆರಿಸಲು ಕೈ ಚಾಚಿದಾಗ, ಮಹಿಳೆಯರ ಕಾರ್ಯಕ್ರಮದಲ್ಲಿ ಅದೇ ದನಿ ಬಂತು. ಪತ್ರಗಳಿಂದ ಅವಳನ್ನು ಎತ್ತಿ ಅಡುಗೆಗೆ ಹಾಕಿದ್ದರು. ಈರಣ್ಣ ಕುರ್ಚಿಯಿಂದ ಎದ್ದು ನಿಂತ, ಹಿರಿಯರು ಬಂದರೆ ಏಳುತ್ತಾರಲ್ಲ, ಹಾಗೆ. ಪ್ರವಾಸದ ಕರೆ ಕಡೆಗೂ ಬರಲಿಲ್ಲ. ಅದರ ಮಾತನ್ನೂ ಅವನು ಎತ್ತಲಿಲ್ಲ.

ಗೊರಗೊರ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸದ ಮಾಬುಸಾಬರು ಕೇಳಿದರು: "ಏನಂತಾಳಪಾ ಆಕಿ?"

"ಸಾರು ಮಾಡೂದು ಹೇಳಾಕತ್ಯಾಳ್ರಿ."

"ಅದರಾಗ ಖರೇ ಎಷ್ಟು, ಸುಳ್ಳು ಎಷ್ಟು?"

ಈರಣ್ಣ ಕಿವಿಯನ್ನು ರೇಡಿಯೋಕ್ಕೆ ಹಚ್ಚಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಉಪ್ಪು ಎಷ್ಟು ಹಾಕಬೇಕಂತ ಹೇಳಾಕತ್ಯಾಳ್ರಿ," ಎಂದ. "ಅಷ್ಟೂ ಖರೇನ."